ಸೇವೆಗೆ ಬಂದವರ ಮೊದಲ ದಿನಗಳು

1961ರ ಆಗಸ್ಟ್ 30ರಂದು ಘಾನಾದ ರಾಜಧಾನಿ ಅಕ್ರಾದಲ್ಲಿ ಐವತ್ತರಷ್ಟು ಅಮೆರಿಕನ್ ತರುಣ ತರುಣಿಯರು ವಿಮಾನದಿಂದ ಇಳಿದರು. ಅಧ್ಯಕ್ಷ ಕೆನಡಿ ಅದೇ ವರ್ಷದ ಮಾರ್ಚ್ 1ರಂದು ಹುಟ್ಟುಹಾಕಿದ್ದ ಪೀಸ್ ಕೋರ್ ಎಂಬ ಸ್ವಯಂಸೇವಕ ದಳದವರು ಅವರು. ಶಾಲೆಗಳಲ್ಲಿ ಪಾಠ ಹೇಳಲು ಬಂದಿದ್ದರು. ಇಳಿದವರೇ ಸ್ವಾಗತಕ್ಕೆ ನೆರೆದವರ ಎದುರು ಒಟ್ಟಾಗಿ ನಿಂತು ಅಲ್ಲಿಯ ಟ್ವಿ ಭಾಷೆಯಲ್ಲಿ ಒಂದು ಹಾಡು ಹಾಡಿದರು. ಕ್ಯಾಲಿಫೋರ್ನಿಯಾದ ಬರ್ಕಲಿಯಲ್ಲಿ ತರಬೇತಿ ಪಡೆಯುವಾಗ ಅದನ್ನು ಕಲಿತಿದ್ದರು. ಉಚ್ಚಾರ ಹೇಗಿತ್ತೋ, ಕೇಳಿದವರು ಮಾತ್ರ ಅದನ್ನು ಮರೆಯಲಿಲ್ಲ.

ಆರು ವಾರ ಕಳೆಯಿತು. ಹತ್ತಿರದ ನೈಜೀರಿಯಾದ ಇಬಾದಾನ್ ನಗರಕ್ಕೆ ಬಂದ ಇನ್ನೊಂದು ತಂಡದ ತರುಣಿಯೊಬ್ಬಳು ಊರಿಗೆ ಒಂದು ಅಂಚೆ ಕಾರ್ಡು ಬರೆದಳು. ಇಲ್ಲಿಯ ಕೊಳಕು, ಹಿಂದುಳಿದ ಬದುಕು, ಬೀದಿಯಲ್ಲೇ ನಡೆಯುವ ಅಡುಗೆ, ವ್ಯಾಪಾರ, ಎಲ್ಲವನ್ನೂ ಕಂಡ ಬೆರಗನ್ನು ನಾಲ್ಕು ಸಾಲಿನಲ್ಲಿ ತುಂಬಿದ್ದಳು. ಕಾರ್ಡು ಅಂಚೆ ಡಬ್ಬಿ ಸೇರುವ ಮೊದಲೇ ಕೈಜಾರಿ ವಿದ್ಯಾರ್ಥಿಯೊಬ್ಬನಿಗೆ ಸಿಕ್ಕಿತು. ಅದರ ಪ್ರತಿಗಳು ಕಾಲೇಜಿನ ತುಂಬ ಹರಿದಾಡಿದವು. ಸ್ವಾತಂತ್ರ್ಯ ಬಂದು ವರ್ಷವೊಂದೇ ಆಗಿದ್ದ ದೇಶ ಅದು. ವಿದ್ಯಾರ್ಥಿಗಳು ಸಭೆ ಸೇರಿ, ಈ ಅಮೆರಿಕನ್ನರನ್ನೆಲ್ಲ ವಾಪಸು ಕಳಿಸಿ ಎಂದರು. ತರುಣಿ ಕ್ಷಮೆ ಕೇಳಿದಳು, ನೈಜೀರಿಯಾ ಬಿಟ್ಟು ಹೋದಳು.

ಪರದೇಶದ ಸ್ವಯಂಸೇವೆಯ ಚರಿತ್ರೆ ಓದುವಾಗಲೆಲ್ಲ ನನಗೆ ಈ ಎರಡು ಚಿತ್ರಗಳು ಜೊತೆಜೊತೆಗೇ ಬರುತ್ತವೆ. ಹಾಡಿದವರು ಒಳ್ಳೆಯವರು, ಕಾರ್ಡು ಬರೆದವಳು ಕೆಟ್ಟವಳು ಎಂದಲ್ಲ. ಎಲ್ಲರೂ ಒಂದೇ ವಯಸ್ಸಿನವರು, ಒಂದೇ ಹುಮ್ಮಸ್ಸಿನಿಂದ ಹೊರಟವರು. ಹೊಸ ಊರಿಗೆ ಬಂದಿಳಿದವರಿಗೆ ಮೊದಲ ದಿನಗಳಲ್ಲಿ ಆ ಊರು ಅರ್ಥವಾಗುವುದಿಲ್ಲ; ಆದರೆ ಅಭಿಪ್ರಾಯಗಳು ಹುಟ್ಟುವುದು ಆ ದಿನಗಳಲ್ಲೇ.

ಹೊರದೇಶಕ್ಕೆ ಹೋಗಿ ಸೇವೆ ಮಾಡುವುದರಿಂದ ಯಾರಿಗೆ ಉಪಯೋಗ ಎಂಬ ಚರ್ಚೆ ಹಳೆಯದು. ಪರವಾಗಿ ಹೇಳುವವರು ಕಟ್ಟಿದ ಶಾಲೆ, ತೋಡಿದ ಬಾವಿಗಳ ಲೆಕ್ಕ ಕೊಡುತ್ತಾರೆ. ವಿರೋಧಿಸುವವರು ವಸಾಹತುಶಾಹಿಯ ನೆರಳನ್ನು ತೋರಿಸುತ್ತಾರೆ. ನನಗೆ ಎರಡು ಕಡೆಯವರೂ ಒಂದನ್ನು ಬಿಟ್ಟಂತೆ ಕಾಣುತ್ತದೆ: ಬಂದ ಮೊದಲ ವಾರಗಳು. ಆ ವಾರಗಳಲ್ಲಿ ಸ್ವಯಂಸೇವಕ ಸೇವೆ ಮಾಡುವುದಿಲ್ಲ, ಮಾಡಿಸಿಕೊಳ್ಳುತ್ತಾನೆ. ಅವನಿಗೆ ದಾರಿ ತೋರಿಸಬೇಕು, ಊಟ ಹಾಕಬೇಕು, ಮಾತು ಕಲಿಸಬೇಕು, ಜ್ವರ ಬಂದರೆ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಈ ಕೆಲಸವನ್ನು ಮಾಡುವವರು ಊರಿನವರು. ಅದಕ್ಕೆ ಸಮಯ, ಹಣ, ಗೌರವ ಇಟ್ಟ ಕಡೆ ಮುಂದಿನ ಸೇವೆಗೆ ಅರ್ಥ ಬಂದಿದೆ. ಅದನ್ನು ಹಾರಿಸಿ ನೇರ ಕೆಲಸಕ್ಕೆ ಇಳಿಸಿದ ಕಡೆ ಅನಾಹುತವಾಗಿದೆ.

ನಮ್ಮಲ್ಲಿ ಸ್ವಯಂಸೇವಕ ಎಂದರೆ 1923ರಲ್ಲಿ ನಾ.ಸು. ಹರ್ಡೀಕರರು ಕಟ್ಟಿದ ಸೇವಾದಳ ನೆನಪಾಗುತ್ತದೆ. ಆ ಸ್ವಯಂಸೇವಕನಿಗೆ ಊರಿನ ಮಾತು, ಜಾತಿ, ಜಗಳ ಎಲ್ಲ ಗೊತ್ತಿತ್ತು. ಗಡಿ ದಾಟಿ ಹೋಗುವವನದು ಬೇರೆಯೇ ಕಥೆ. ಅದರ ಮೊದಲ ಅಧ್ಯಾಯ 1920ರ ಕೊನೆಯಲ್ಲಿ, ಫ್ರಾನ್ಸಿನ ವರ್ಡನ್ ಹತ್ತಿರದ ಎನ್ ಎಂಬ ಹಳ್ಳಿಯಲ್ಲಿ. ಮೊದಲ ಮಹಾಯುದ್ಧದಲ್ಲಿ ನುಚ್ಚುನೂರಾದ ಹಳ್ಳಿ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯೆರ್ ಸೆರೆಸೋಲ್ ಕೆಲವರನ್ನು ಕಟ್ಟಿಕೊಂಡು ಮನೆಗಳನ್ನು ಎತ್ತಲು ಅಲ್ಲಿಗೆ ಹೋದ. ತಂಡದಲ್ಲಿ ಜರ್ಮನ್ನರೂ ಇದ್ದರು. ಯಾರ ಫಿರಂಗಿ ಆ ಮನೆಗಳನ್ನು ಉರುಳಿಸಿತ್ತೋ ಅವರ ಮಕ್ಕಳೇ ಕಲ್ಲು ಹೊತ್ತರು. ಕಲ್ಪನೆ ದೊಡ್ಡದು, ಆದರೆ ಅಧಿಕಾರಿಗಳಿಗೂ ಸುತ್ತಲಿನ ಹಲವರಿಗೂ ಜರ್ಮನ್ನರ ಮುಖ ಸಹಿಸಲಾಗಲಿಲ್ಲ. ಕೆಲವೇ ತಿಂಗಳಲ್ಲಿ ಶಿಬಿರ ಮುಚ್ಚಬೇಕಾಯಿತು.

ಸೆರೆಸೋಲ್ ಇದರಿಂದ ಕಲಿತನೆಂದು ನಾನು ನಂಬಿದ್ದೇನೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಅವನು ತಂಡ ಕಟ್ಟಿಕೊಂಡು ಓಡಿ ಬರಲಿಲ್ಲ. ಮೊದಲು ಸ್ಥಿತಿ ನೋಡಲೆಂದು ಬಂದ, ರಾಜೇಂದ್ರ ಪ್ರಸಾದರಂಥವರ ಜೊತೆ ಕೂತು ಮಾತಾಡಿದ, ಗಾಂಧೀಜಿಯವರನ್ನು ಕಂಡ. ಆಮೇಲೆ ಬೆರಳೆಣಿಕೆಯ ಸಂಗಡಿಗರೊಡನೆ ಮರಳಿ ಬಂದು, ಮುಜಫ್ಫರ್‌ಪುರದ ಕಡೆ ನೆಲೆ ಕಳೆದುಕೊಂಡ ಹಳ್ಳಿಗಳನ್ನು ಎತ್ತರದ ಜಾಗದಲ್ಲಿ ಕಟ್ಟುವ ಕೆಲಸಕ್ಕೆ ಕೈಹಾಕಿದ. ಕೇಳಿ ತಿಳಿದು ಆಮೇಲೆ ಗುದ್ದಲಿ ಹಿಡಿಯುವ ಈ ಕ್ರಮ ಇವತ್ತಿಗೂ ಅಪರೂಪ.

ಪೀಸ್ ಕೋರ್ ಭಾರತಕ್ಕೂ 1961ರಲ್ಲೇ ಬಂತು, 1976ರವರೆಗೆ ಇತ್ತು. ನಮ್ಮ ಮೈಸೂರು ರಾಜ್ಯಕ್ಕೆ ಬಂದವರು ಕನ್ನಡ ಕಲಿತರು. ಇಡೀ ದೇಶದಲ್ಲಿ ಹೆಚ್ಚು ಹೆಸರಾದವರು ಲಿಲಿಯನ್ ಕಾರ್ಟರ್. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರರ ತಾಯಿ. ದಾದಿಯಾಗಿ ದುಡಿದಿದ್ದ ಆಕೆ 68ರ ವಯಸ್ಸಿನಲ್ಲಿ, 1966ರಲ್ಲಿ, ಮುಂಬಯಿಯ ವಿಕ್ರೋಳಿಗೆ ಬಂದರು. ಕುಟುಂಬ ಯೋಜನೆಯ ಪ್ರಚಾರದ ಕೆಲಸ ಅವರಿಗೆ ಒಗ್ಗಲಿಲ್ಲ; ಕಾರ್ಮಿಕರ ಕಾಲೊನಿಯ ಚಿಕಿತ್ಸಾಲಯದಲ್ಲಿ ಕೈಯಾರೆ ಮಾಡುವ ಶುಶ್ರೂಷೆಗೆ ಅವರು ಸರಿದರು. ಕಾಗದದ ಮೇಲೆ ಕೊಟ್ಟ ಕೆಲಸ ಒಂದು, ಬಂದು ನೋಡಿದ ಮೇಲೆ ಸಿಕ್ಕ ಕೆಲಸ ಇನ್ನೊಂದು. ಎರಡರ ನಡುವೆ ಹುಡುಕಾಡಲು ಅವರಿಗೆ ಎರಡು ವರ್ಷದ ಅವಧಿ ಇತ್ತು. ಎರಡು ವಾರಕ್ಕೆ ಬಂದವರಿಗೆ ಆ ಅವಕಾಶವೇ ಇಲ್ಲ.

ಕೋಲ್ಕತ್ತ ಈ ವಿಷಯದಲ್ಲಿ ತನ್ನದೇ ಒಂದು ಪದ್ಧತಿ ಬೆಳೆಸಿದ ನಗರ. ಸ್ಪೇನ್, ಜಪಾನ್, ಕೊರಿಯಾ, ಇಟಲಿಯಿಂದ ಮದರ್ ತೆರೇಸಾ ಸ್ಥಾಪಿಸಿದ ಮನೆಗಳಿಗೆ ದಶಕಗಳಿಂದ ಜನ ಬರುತ್ತಿದ್ದಾರೆ. ಸಡ್ಡರ್ ಸ್ಟ್ರೀಟಿನ ಅಗ್ಗದ ಲಾಡ್ಜುಗಳಲ್ಲಿ ಉಳಿಯುವುದು, ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯ ಶಿಶುಭವನದಲ್ಲಿ ಹೆಸರು ಬರೆಸುವುದು, ಬೆಳಗಿನ ಪ್ರಾರ್ಥನೆಯ ನಂತರ ಮದರ್ ಹೌಸಿನಲ್ಲಿ ಬ್ರೆಡ್ಡು, ಬಾಳೆಹಣ್ಣು, ಚಹಾ ತೆಗೆದುಕೊಂಡು ಬೇರೆ ಬೇರೆ ಮನೆಗಳಿಗೆ ಹೊರಡುವುದು ಬಹುಕಾಲ ನಡೆದ ಕ್ರಮ. ಗುರುವಾರ ರಜೆ. ಹಣ ಕೇಳುವುದಿಲ್ಲ, ವಿದ್ಯಾರ್ಹತೆ ಕೇಳುವುದಿಲ್ಲ. 1952ರಲ್ಲಿ ಕಾಳಿಘಾಟಿನಲ್ಲಿ ಆರಂಭವಾದ ನಿರ್ಮಲ ಹೃದಯದಲ್ಲಿ ಬಂದವರು ರೋಗಿಗಳ ಬಟ್ಟೆ ಒಗೆದರು, ಪಾತ್ರೆ ತೊಳೆದರು, ಗಂಜಿ ಕುಡಿಸಿದರು, ಗಡ್ಡ ಹೆರೆದರು. ಇದರಲ್ಲೊಂದು ವಿವೇಕವಿದೆ: ಭಾಷೆ ಬಾರದವನಿಗೆ ಭಾಷೆ ಬೇಡದ ಕೆಲಸ. ಬಟ್ಟೆ ಒಗೆಯುವವನು ಯಾರಿಗೂ ಪಾಠ ಹೇಳಲಾರ.

ಅದೇ ಸರಳತೆಗೆ ಇನ್ನೊಂದು ಮುಖವೂ ಇದೆ. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಸಂಪಾದಕ ರಾಬಿನ್ ಫಾಕ್ಸ್ ಅಲ್ಲಿಗೆ ಭೇಟಿ ಕೊಟ್ಟು 1994ರಲ್ಲಿ ಬರೆದ ಲೇಖನದಲ್ಲಿ ಸ್ವಚ್ಛತೆ, ದಯೆಗಳನ್ನು ಒಪ್ಪಿಕೊಂಡರು. ವೈದ್ಯಕೀಯ ತಿಳಿವಳಿಕೆಯಿಲ್ಲದ ಸನ್ಯಾಸಿನಿಯರೂ ಸ್ವಯಂಸೇವಕರೂ ರೋಗಿಗಳ ಬಗ್ಗೆ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ, ನೋವು ಇಳಿಸುವ ಔಷಧಿಯ ವ್ಯವಸ್ಥೆ ಸಾಲದು ಎಂದು ಟೀಕಿಸಿದರು. ಟೀಕೆ ನನಗೆ ನ್ಯಾಯವಾಗಿ ಕಾಣುತ್ತದೆ. ನಿನ್ನೆ ವಿಮಾನ ಇಳಿದವನ ಕೈಗೆ ಬಟ್ಟೆ ಕೊಡಬಹುದು, ಸಾಯುತ್ತಿರುವವನ ಆರೈಕೆಯ ನಿರ್ಧಾರ ಕೊಡಬಾರದು.

ಅತ್ಯಂತ ನೋವಿನ ಉದಾಹರಣೆ ಕಾಂಬೋಡಿಯಾದ್ದು. ಅಂಗ್ಕೋರ್ ದೇವಾಲಯಗಳನ್ನು ನೋಡಲು ಸಿಯೆಮ್ ರೀಪ್ ನಗರಕ್ಕೆ ಪ್ರವಾಸಿಗಳ ಹೊಳೆ ಹರಿಯತೊಡಗಿದ ಮೇಲೆ, ನಡುವೆ ಒಂದು ವಾರ ಅನಾಥಾಲಯದಲ್ಲಿ ಸೇವೆ ಮಾಡುವುದೂ ಪ್ರವಾಸದ ಭಾಗವಾಯಿತು. ಬರುವವರಿಗೆ ಮಕ್ಕಳು ಬೇಕು, ಹಾಗಾಗಿ ಅನಾಥಾಲಯಗಳು ಹೆಚ್ಚಿದವು. ಅನಾಥಾಲಯಗಳಿಗೆ ಮಕ್ಕಳು ಬೇಕು, ಹಾಗಾಗಿ ಬಡ ಹಳ್ಳಿಗಳಿಂದ, ಓದು ಊಟದ ಆಸೆ ತೋರಿಸಿ, ತಂದೆ ತಾಯಿ ಇದ್ದ ಮಕ್ಕಳನ್ನೇ ತಂದರು. ಆ ದೇಶದ ಸರ್ಕಾರ ಯುನಿಸೆಫ್ ನೆರವಿನಿಂದ ನಡೆಸಿದ ಗಣತಿಯಲ್ಲಿ 406 ಸಂಸ್ಥೆಗಳಲ್ಲಿ 16,579 ಮಕ್ಕಳು ಸಿಕ್ಕರು. ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಒಬ್ಬರಾದರೂ ಬದುಕಿದ್ದರು. 2011ರಲ್ಲಿ ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ, ಮಕ್ಕಳು ಪ್ರೇಕ್ಷಣೀಯ ವಸ್ತುಗಳಲ್ಲ ಎಂಬ ಅಭಿಯಾನ ಹೂಡಿ, ಗಾಜಿನ ಪೆಟ್ಟಿಗೆಯೊಳಗೆ ಮಕ್ಕಳು, ಸುತ್ತ ಕ್ಯಾಮೆರಾ ಹಿಡಿದ ಪ್ರವಾಸಿಗಳು ಇರುವ ಚಿತ್ರವನ್ನು ಎಲ್ಲೆಡೆ ಅಂಟಿಸಿತು.

ಇದರಲ್ಲಿ ದುಡ್ಡಿನ ಮೋಸಕ್ಕಿಂತ ಆಳವಾದ ಗಾಯವೊಂದಿದೆ. ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟ ವರದಿಯಲ್ಲಿ, ಎಳೆಯ ಮಗುವಿಗೆ ಬಿಡದೆ ಜೊತೆಗಿರುವ ಒಬ್ಬರ ಮಡಿಲು ಬೇಕು ಎಂದು ತೋರಿಸಿದ್ದರು. ಎರಡು ವಾರಕ್ಕೊಮ್ಮೆ ಹೊಸ ಮುಖ. ಬಂದವರು ಮೊದಲ ದಿನವೇ ಎತ್ತಿ ಆಡಿಸುತ್ತಾರೆ, ಕೊನೆಯ ದಿನ ಅಳುತ್ತಾರೆ, ಹೋಗುತ್ತಾರೆ. ಹೋದವರಿಗೆ ಅದು ಬದುಕಿನ ಸವಿನೆನಪು. ಮಗುವಿಗೆ ಅದು ಎಷ್ಟನೆಯದೋ ಅಗಲಿಕೆ. ಹೊಸಬರ ಕೊರಳಿಗೆ ಬೇಗ ಜೋತುಬೀಳುವ ಮಗುವನ್ನು ಕಂಡು ಎಷ್ಟು ಪ್ರೀತಿಯ ಕೂಸು ಎನ್ನುತ್ತೇವೆ. ಮಕ್ಕಳ ಜೊತೆ ಕೆಲಸ ಮಾಡಿದವರು ಅದನ್ನು ನೋಡಿ ಹೆದರುತ್ತಾರೆ. ಇಲ್ಲಿ ನಡೆಯುವುದು ಬರೀ ಆಗಮನ, ಮತ್ತೆ ಮತ್ತೆ ಆಗಮನ. ಯಾರೂ ಆಗಮನವನ್ನು ದಾಟಿ ಮುಂದೆ ಹೋಗುವುದೇ ಇಲ್ಲ.

ವಿಪತ್ತಿನ ಸಮಯದಲ್ಲಂತೂ ಬಂದಿಳಿಯುವುದೇ ಹೊರೆಯಾಗಬಹುದು. 2015ರ ಏಪ್ರಿಲ್ 25ರ ಭೂಕಂಪದ ನಂತರ ಕಠ್ಮಂಡುವಿನ ತ್ರಿಭುವನ ವಿಮಾನ ನಿಲ್ದಾಣದಲ್ಲಿ ಇದ್ದದ್ದು ಒಂದೇ ಓಡುದಾರಿ. ನೆರವಿನ ವಿಮಾನಗಳು ಒಂದರ ಹಿಂದೊಂದು ಬಂದು ಆಕಾಶದಲ್ಲಿ ಸುತ್ತಿದವು, ಕೆಲವು ಹಿಂತಿರುಗಿದವು. ವಾರದೊಳಗೆ ಓಡುದಾರಿಯೇ ಹಾಳಾಗತೊಡಗಿ ದೊಡ್ಡ ವಿಮಾನಗಳನ್ನು ತಡೆಯಬೇಕಾಯಿತು. ಮೇ ಮೊದಲ ವಾರದಲ್ಲಿ ನೇಪಾಳ ಸರ್ಕಾರ ಹೊರದೇಶದ ಶೋಧ ತಂಡಗಳಿಗೆ, ಇನ್ನು ಹೊರಡಿ ಎಂದಿತು.

ಇವಾನ್ ಇಲಿಚ್ ಎಂಬ ಚಿಂತಕ 1968ರಲ್ಲಿ ಮೆಕ್ಸಿಕೋಗೆ ಸೇವೆಗೆ ಹೊರಟಿದ್ದ ಅಮೆರಿಕನ್ ವಿದ್ಯಾರ್ಥಿಗಳ ಮುಖಕ್ಕೇ ಹೇಳಿಬಿಟ್ಟಿದ್ದ: ನೋಡಲು ಬನ್ನಿ, ಓದಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ನೆರವಾಗುತ್ತೇವೆಂದು ಮಾತ್ರ ಬರಬೇಡಿ ಎಂಬುದು ಆ ಭಾಷಣದ ತಿರುಳು. ಸ್ವಯಂಸೇವೆಯ ಚರ್ಚೆಯಲ್ಲಿ ಇದಕ್ಕಿಂತ ಕಟುವಾದ ಮಾತು ಬಂದಿಲ್ಲ. ಅದನ್ನು ನಾನು ಅರ್ಧ ಒಪ್ಪುತ್ತೇನೆ. ಭಾಷೆ ಬಾರದವನ ಅಹಂಕಾರದ ಬಗ್ಗೆ ಇಲಿಚ್ ಹೇಳಿದ್ದು ಅಕ್ಷರಶಃ ನಿಜ. ಆದರೆ ಅವನ ಕಣ್ಣಿನಲ್ಲಿ ಊರಿನವರು ಬರೀ ಸಹಿಸಿಕೊಳ್ಳುವವರು. ಬಂದವನನ್ನು ತಿದ್ದಿ, ಪಳಗಿಸಿ, ಕೆಲಸಕ್ಕೆ ಬರುವಂತೆ ಮಾಡುವ ಶಕ್ತಿ ಊರಿಗಿದೆ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ನನಗೆ ಅದು ಗೊತ್ತಾದದ್ದು ಪುಸ್ತಕದಿಂದಲ್ಲ.

ಜರ್ಮನಿಯಲ್ಲಿ ಕಡ್ಡಾಯ ಸೈನಿಕ ಸೇವೆ ನಿಂತ 2011ರಲ್ಲಿ ಒಕ್ಕೂಟ ಸ್ವಯಂಸೇವೆ ಎಂಬ ವ್ಯವಸ್ಥೆ ಬಂತು. ಆಸ್ಪತ್ರೆ, ವೃದ್ಧಾಶ್ರಮ, ಶಿಶುವಿಹಾರಗಳಲ್ಲಿ ಒಂದು ವರ್ಷ ಕೆಲಸ. ವಸತಿ, ಊಟ, ಕೈಖರ್ಚು. ಜರ್ಮನ್ ಯುವಜನರನ್ನು ಹೊರದೇಶಗಳಿಗೆ ಕಳಿಸಲು 2008ರಲ್ಲಿ ಆರಂಭವಾದ ವೆಲ್ಟ್‌ವೆರ್ಟ್ಸ್ ಯೋಜನೆ 2013ರಿಂದ ದಾರಿಯನ್ನು ಇಮ್ಮುಖ ಮಾಡಿತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಿಂದ ಯುವಜನರು ಜರ್ಮನಿಗೂ ಸೇವೆಗೆ ಬರಬಹುದಾಯಿತು. ಹಾಗೆ ಹೋದವರಲ್ಲಿ ನಾನೂ ಒಬ್ಬ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮ್ಯೂಲರ್ ಭವನದಲ್ಲಿ ಜರ್ಮನ್ ಕಲಿತು, ಲೈಪ್‌ಜಿಗ್ ನಗರದ ವೃದ್ಧಾಶ್ರಮವೊಂದಕ್ಕೆ ಸೇರಲು ಹೊರಟೆ.

ಲೈಪ್‌ಜಿಗ್‌ನ ರೈಲು ನಿಲ್ದಾಣ ಯುರೋಪಿನ ದೊಡ್ಡ ನಿಲ್ದಾಣಗಳಲ್ಲೊಂದು. ಅದರ ಕಮಾನುಗಳ ಕೆಳಗೆ ಪೆಟ್ಟಿಗೆ ಹಿಡಿದು ನಿಂತಾಗ ಅಲ್ಲಿನ ಪ್ರಕಟಣೆಯ ಪ್ರತಿ ಪದವೂ ಅರ್ಥವಾಯಿತು. ಟ್ರಾಮಿನಲ್ಲಿ ಪಕ್ಕ ಕೂತವರ ಮಾತು ಒಂದೂ ಅರ್ಥವಾಗಲಿಲ್ಲ. ಸ್ಯಾಕ್ಸನಿಯ ಆಡುಮಾತಿನಲ್ಲಿ ಕಕಾರ ಗಕಾರವಾಗುತ್ತದೆ, ಟಕಾರ ಡಕಾರವಾಗುತ್ತದೆ, ಪಕಾರ ಬಕಾರವಾಗುತ್ತದೆ. ನಾನು ತರಗತಿಯಲ್ಲಿ ಕಲಿತ ಗಟ್ಟಿ ಅಕ್ಷರಗಳೆಲ್ಲ ಆ ಊರಿನ ಬಾಯಲ್ಲಿ ಕರಗಿ ಮೆತ್ತಗಾಗಿದ್ದವು. ಅಂದು ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ. ನಿಲ್ದಾಣದೊಳಗಿನ ಅಂಗಡಿಗಳಿಗೆ ಮಾತ್ರ ವಿನಾಯಿತಿ ಇದೆಯೆಂದು ತಿಳಿಯುವ ಹೊತ್ತಿಗೆ ನಾನು ಊರ ಅಂಚಿನ ಕೋಣೆ ಸೇರಿಯಾಗಿತ್ತು. ವೃದ್ಧಾಶ್ರಮದ ಅಡುಗೆಯಾಕೆ, ಅರವತ್ತರ ಹತ್ತಿರದವರು, ನನ್ನ ಮುಖ ನೋಡಿ ಏನೂ ಕೇಳದೆ ಒಳಗೆ ಹೋಗಿ ಬೇಯಿಸಿದ ಆಲೂಗಡ್ಡೆ, ಮೊಸರಿನಂಥ ಕ್ವಾರ್ಕ್, ನಾಲ್ಕು ಹೋಳು ಬ್ರೆಡ್ಡು ತಂದಿಟ್ಟರು. ಸಂಜೆ ತಣ್ಣನೆಯ ಬ್ರೆಡ್ಡು ತಿನ್ನುವುದು ಅಲ್ಲಿಯ ರೂಢಿ. ಹೊಸಬನಿಗೆ ಬಿಸಿಯಾದದ್ದು ಬೇಕು ಎಂದು ಅವರಿಗೆ ಯಾರು ಹೇಳಿಕೊಟ್ಟಿದ್ದರೋ.

ಮುಂದಿನ ವಾರಗಳು ಕಾಗದಪತ್ರಗಳಲ್ಲಿ ಹೋದವು. ಮನೆ ಸೇರಿದ ಎರಡು ವಾರದೊಳಗೆ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿ ಬೇಕು. ಬ್ಯಾಂಕು, ಆರೋಗ್ಯ ವಿಮೆ, ನಿವಾಸ ಪರವಾನಗಿ ಎಲ್ಲಕ್ಕೂ ಆ ನೋಂದಣಿಯ ಕಾಗದವೇ ಬುಡ. ಪ್ರತಿ ಕಚೇರಿಗೂ ಆಶ್ರಮದ ಒಬ್ಬ ದಾದಿ ಜೊತೆಗೆ ಬಂದರು. ಅಷ್ಟು ಹೊತ್ತು ಅವರ ಪಾಲಿನ ಕೆಲಸವನ್ನು ಬೇರೆಯವರು ಹೊತ್ತರು. ಒಂದು ತಿಂಗಳು ನಾನು ಅವರ ಕೆಲಸ ಕಡಿಮೆ ಮಾಡಲಿಲ್ಲ, ಹೆಚ್ಚು ಮಾಡಿದೆ. ಇದು ಆ ವ್ಯವಸ್ಥೆಯ ದೋಷವೇನಲ್ಲ. ಅಲ್ಲಿ ಇದಕ್ಕೆ ಜಾಗ ಇಟ್ಟಿದ್ದಾರೆ: ವರ್ಷದಲ್ಲಿ 25 ದಿನ ಕಡ್ಡಾಯ ಶಿಬಿರ, ಮಾರ್ಗದರ್ಶಕರು. ಯುರೋಪಿಯನ್ ಒಕ್ಕೂಟದ ಸ್ವಯಂಸೇವಾ ಯೋಜನೆಗಳಲ್ಲಿ ಬಂದಿಳಿದವರ ತರಬೇತಿ ಎಂಬುದೇ ಒಂದು ಪ್ರತ್ಯೇಕ ಹಂತ. ಪೀಸ್ ಕೋರ್ ಕೂಡ ಎರಡು ವರ್ಷದ ಸೇವೆಗೆ ಮೊದಲು ಹೋದ ದೇಶದಲ್ಲೇ ಸುಮಾರು ಮೂರು ತಿಂಗಳ ತರಬೇತಿ ಕೊಡುತ್ತದೆ. ಆಗ ಸ್ಥಳೀಯ ಕುಟುಂಬವೊಂದರ ಜೊತೆ ವಾಸ. ಇಬಾದಾನ್ ಅಂಚೆ ಕಾರ್ಡಿನ ಕಾಲದಿಂದ ಇಷ್ಟು ದೂರ ಬಂದಿದ್ದಾರೆ.

ನಾನು ದಿನವೂ ತಿಂಡಿಯ ತಟ್ಟೆ ಇಡುತ್ತಿದ್ದ ಅಜ್ಜರೊಬ್ಬರು ಮೊದಮೊದಲು ನನ್ನ ಹತ್ತಿರ ಹವಾಮಾನ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. 1989ರ ಅಕ್ಟೋಬರ್ 9ರ ಸೋಮವಾರ ಪೂರ್ವ ಜರ್ಮನಿಯ ಸರ್ಕಾರಕ್ಕೆ ಹೆದರದೆ ಆ ನಗರದ ವರ್ತುಲ ರಸ್ತೆಯಲ್ಲಿ ನಡೆದ ಎಪ್ಪತ್ತು ಸಾವಿರ ಜನರಲ್ಲಿ ಅವರೂ ಇದ್ದರು ಎಂದು ನನಗೆ ತಿಳಿಯಲು ನಾಲ್ಕು ತಿಂಗಳು ಬೇಕಾಯಿತು. ಆವರೆಗೆ ನನ್ನ ಪಾಲಿಗೆ ಅವರು ಸಕ್ಕರೆ ಹಾಕದ ಕಾಫಿ ಕುಡಿಯುವ, ಎಡಗಾಲು ಊದಿದ ಒಬ್ಬ ರೋಗಿ. ಮೊದಲ ವಾರವೇ ಯಾರಾದರೂ ನನ್ನ ಅನಿಸಿಕೆ ಕೇಳಿದ್ದರೆ ಜರ್ಮನಿಯ ಮುದುಕರು ಒಂಟಿ, ಮಾತಿಲ್ಲದವರು, ಪಾಪ ಎಂದು ನಾನೂ ಒಂದು ಕಾರ್ಡು ಬರೆಯುತ್ತಿದ್ದೆ.

ಇದೇ ಕಥೆ ತಿರುವುಮುರುವಾಗಿ ಕುಂದಾಪುರದಲ್ಲಿ ನಡೆಯುತ್ತದೆ. ಬೆಂಗಳೂರಿನ ಎಫ್‌ಎಸ್‌ಎಲ್ ಇಂಡಿಯಾ ಸಂಸ್ಥೆ ಹೊರದೇಶದ ಸ್ವಯಂಸೇವಕರನ್ನು ಕರೆಸಿಕೊಂಡು ಅಲ್ಲಿಯ ಕರಾವಳಿಯಲ್ಲಿ ಕಡಲಾಮೆಗಳ ರಕ್ಷಣೆಗೆ ದುಡಿದಿದೆ. ಬೆಂಗಳೂರಿನಲ್ಲಿ ನಾಲ್ಕು ಮಾತು ಕನ್ನಡ ಕಲಿತು, ಹೋಗಬೇಕು ಬರಬೇಕು ಎಂದು ಬಾಯಿಪಾಠ ಮಾಡಿ ಬಸ್ಸಿಳಿದವರಿಗೆ ಕುಂದಗನ್ನಡದ ಹೋಯ್ಕ್ ಎದುರಾಗುತ್ತದೆ. ಲೈಪ್‌ಜಿಗ್ ಟ್ರಾಮಿನಲ್ಲಿ ನನಗಾದದ್ದೇ ಅದು. ಆರು ತಿಂಗಳು ಮೀರಿದ ವೀಸಾದ ಮೇಲೆ ಭಾರತಕ್ಕೆ ಬಂದವರೂ 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕು. ಆಲಿವ್ ರಿಡ್ಲೆ ಆಮೆ ರಾತ್ರಿ ಎಲ್ಲಿ ಮೊಟ್ಟೆಯಿಟ್ಟಿತು ಎಂಬುದು ಬಂದವರಿಗೆ ಗೊತ್ತಾಗುವುದಿಲ್ಲ. ಬೆಳಗ್ಗೆ ಮರಳಿನ ಮೇಲಿನ ಗುರುತು ನೋಡಿ ಹೇಳುವವರು ಮೀನುಗಾರರು. ಆ ಕಡೆ ಹೋದಾಗ, ಇಂಥವರನ್ನು ಮನೆಯಲ್ಲಿಟ್ಟುಕೊಂಡಿದ್ದ ಗೃಹಿಣಿಯೊಬ್ಬರನ್ನು ಅನುಭವ ಹೇಗಿತ್ತೆಂದು ಕೇಳಿದೆ. ಕುಚ್ಚಲಕ್ಕಿ ಗಂಜಿ ಊಟ ಕಲಿಸಿದ್ದು, ಹೊಟ್ಟೆ ಕೆಟ್ಟಾಗ ಮಜ್ಜಿಗೆ ಕುಡಿಸಿದ್ದು, ಕಡಲ ಸೆಳೆತ ಇರುವ ದಿನ ನೀರಿಗಿಳಿಯದಂತೆ ಬೈದದ್ದು ಎಲ್ಲ ಹೇಳಿ, “ಸುರುವಿಗೆ ಒಂದ್ ತಿಂಗ್ಳ್ ನಾವೇ ಅವ್ರ್ ಸೇವೆ ಮಾಡುದ್. ಮತ್ತೆ ಅವ್ರ್ ಮಾಡ್ಲಿ” ಎಂದರು. ನಾನು ಓದಿದ ಎಷ್ಟೋ ವರದಿಗಳಲ್ಲಿ ಈ ಒಂದು ತಿಂಗಳ ಲೆಕ್ಕ ಇಲ್ಲ.

2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಪೀಸ್ ಕೋರ್ ತನ್ನ ಚರಿತ್ರೆಯಲ್ಲೇ ಮೊದಲ ಬಾರಿ 60ಕ್ಕೂ ಹೆಚ್ಚು ದೇಶಗಳಿಂದ ಸುಮಾರು 7,000 ಸ್ವಯಂಸೇವಕರನ್ನು ಕೆಲವೇ ದಿನಗಳಲ್ಲಿ ವಾಪಸು ಕರೆಸಿಕೊಂಡಿತು. ಬೀಳ್ಕೊಡಲೂ ಸಮಯವಿರಲಿಲ್ಲ. ಅಷ್ಟೂ ಊರುಗಳಲ್ಲಿ ಯಾರೋ ಮಾತು ಕಲಿಸಿ, ಉಣಿಸಿ, ಅಂಗಡಿಯವರಿಗೆ ನಮ್ಮ ಹುಡುಗಿ ಇವಳು ಎಂದು ಪರಿಚಯಿಸಿ ಬೆಳೆಸಿದ ಸಂಬಂಧ ನಡುವೆ ತುಂಡಾಯಿತು. ಮತ್ತೆ ಬರುವವರು ಹೊಸಬರು, ಮತ್ತೆ ಮೊದಲಿನಿಂದ. ಆ ಮೊದಲ ತಿಂಗಳಿನ ಶ್ರಮಕ್ಕೆ ಆತಿಥೇಯ ಮನೆಗೆ, ಸಂಸ್ಥೆಗೆ ಸಂಬಳವಾಗಿ ಏನಾದರೂ ಸಲ್ಲಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಸ್ವಯಂಸೇವಕನ ವಿಮಾನ ಟಿಕೆಟ್ಟಿಗೆ ದುಡ್ಡು ಹೊಂದಿಸುವವರು ಇದಕ್ಕೂ ಹೊಂದಿಸಬಲ್ಲರು.

ಲೈಪ್‌ಜಿಗ್ ಬಿಡುವ ಹಿಂದಿನ ದಿನ ಅಡುಗೆಮನೆಗೆ ಹೋದೆ. ಗೋಡೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರಿನ ಒಂದು ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿತ್ತು. ಮುಂದಿನವಳು ಬರುವ ದಿನ, ಕೀನ್ಯಾದವಳಂತೆ. ಅಡುಗೆಯಾಕೆ ಕೈ ಒರೆಸಿಕೊಂಡು ಹತ್ತಿರ ಬಂದು, ನನ್ನ ಪ್ರಯಾಣದ ಬಗ್ಗೆ ಒಂದು ಮಾತು ಆಡಿ, ಆಮೇಲೆ ಕೇಳಿದರು: “ಆ ಹುಡುಗಿ ಬರುವುದು ಯಾವ ವಾರ ನೋಡಿ ಹೇಳ್ತೀರಾ? ಭಾನುವಾರವಾದರೆ ಶನಿವಾರವೇ ನಾನು ಆಲೂಗಡ್ಡೆ ತಂದಿಡಬೇಕು.”